ಐದು ತಗಡು

ಕಪನೂರಿನ ದಾಲ್ ಮಿಲ್ಲಿನಲ್ಲಿ
ಚೀಲದ ಮೇಲೆ ಹೆಸರು ಹೊಡೆಯುವುದು ನನ್ನ ಕೆಲಸ.
ಐದು ತಗಡು, ಒಂದೊಂದಕ್ಕೂ ಒಂದೊಂದು ಅಕ್ಷರದ ತೂತು;
ಡಾಲ್ಡಾ ಡಬ್ಬಿ ಕತ್ತರಿಸಿ ನಾನೇ ಕೊರೆದದ್ದು.
ತೊ. ಗ. ರಿ. ಬೇ. ಳೆ.
ಕರಿಬಣ್ಣದ ಕುಂಚ ತಿಕ್ಕಿದರೆ
ಚೀಲ ತನ್ನ ಹೆಸರು ಹೇಳುತ್ತದೆ,
ಲಾರಿ ಹತ್ತುತ್ತದೆ. ಹದಿನೇಳು ವರ್ಷ
ಈ ಐದನ್ನು ಬೇರೆ ಸಾಲಿನಲ್ಲಿ ಇಟ್ಟು ನೋಡಿರಲಿಲ್ಲ ನಾನು.

ಅವತ್ತು ಕರೆಂಟು ಹೋಯಿತು. ಜರಡಿಗಳು ನಿಂತವು.
ಹೊಟ್ಟಿನ ಧೂಳು ಇಳಿಯುವ ತನಕ
ಯಾರೂ ಮಾತಾಡಲಿಲ್ಲ. ಆಮೇಲೆ
ಕಾಳು ಆರಿಸುವ ಹೆಂಗಸರು ಬುತ್ತಿ ಬಿಚ್ಚಿ ಕೂತರು
ನನ್ನ ತಗಡುಗಳ ಸುತ್ತ.
ಜೋಳದ ರೊಟ್ಟಿ, ಪುಂಡಿಪಲ್ಯೆ, ಹಸಿಮೆಣಸಿನ ಖಾರ.
ಜಗದೇವಿ ಎಡಗೈಯಿಂದ ಎರಡು ತಗಡು ಸರಿಸಿ
"ಲಾಡ್ಲೇ ಮಾಮಾ, ನೋಡಿಲ್ಲಿ, ಗರಿ" ಅಂದಳು.
ಮೇಲೆ ತೊಲೆಯಲ್ಲಿದ್ದ ಪಾರಿವಾಳ
ತನ್ನನ್ನೇ ಕರೆದರೆಂಬಂತೆ ಕತ್ತು ಹೊರಳಿಸಿತು.

ಶುರುವಾಯಿತು.
ಗೋದುಬಾಯಿ ಬೇಗ ಹುಡುಕಿದಳು, ಅಂದರೆ
ಬೇಗ ಎಂಬುದನ್ನೇ ಹುಡುಕಿದಳು, ತಡವಾಗಿ.
ಖತೀಜಾ ತೊಳೆ ಇಟ್ಟು "ಮೋಸಂಬಿದು" ಅಂದಳು.
"ಅಲ್ಲ, ಭಾಂಡೆದು" ಅಂದರು ಉಳಿದವರು.
ಗುಂಡಮ್ಮನಿಗೆ ಗಳೆ ಸಿಕ್ಕಿತು; ಅವಳಪ್ಪ
ಚಿಂಚೋಳಿ ಕಡೆ ಎತ್ತಿನ ಗಳೆ ಹೊಡೆಯುತ್ತಿದ್ದವ.
ಸತ್ತು ಎಂಟು ವರ್ಷ ಆದವನು
ತಗಡಿನ ತೂತಿನಿಂದ ಬಂದನಲ್ಲ ಅಂತ
ರೊಟ್ಟಿ ಕೈಯಲ್ಲೇ ಹಿಡಿದು ಕೂತಳು.
ಯಾರೋ ತೊರಿ ಇಟ್ಟರು.
"ತೊರೆ ಅಂದ್ರ ಹರೀತದ, ತೊರಿ ಹರಿಯಂಗಿಲ್ಲ"
ಅಂತ ಕಿತ್ತು ಹಾಕಿದೆ. ಅಲ್ಲಿ ನಾನೇ ಪಂಡಿತ,
ಏಳನೆತ್ತೆ ಫೇಲು.
"ರಿ ಒಂದೇ ಇದ್ರ ಪದ ಆಗ್ತದೇನು?" ಖತೀಜಾ ಕೇಳಿದಳು.
"ಬಾಲ ಅದು. ಹೌದ್ರಿ, ಇಲ್ರಿ. ಬಾಲಕ್ಕ ದನ ಬೇಕು."

ಭೀಮಬಾಯಿ ಅಷ್ಟೊತ್ತು ಸುಮ್ಮನಿದ್ದಳು.
ನಸುಕಿನಲ್ಲಿ ಸಾವಕಾರರ ಮನೆಯ ಭಾಂಡೆ ಮುಗಿಸಿ
ಎಂಟಕ್ಕೆ ಮಿಲ್ಲಿಗೆ ಬರುವವಳು. ಅಕ್ಷರ ಕಲಿತದ್ದು
ಮಗಳ ಪಾಟಿಯ ಮೇಲೆ, ಮಗಳು ಮಲಗಿದ ಮೇಲೆ.
ಬೆರಳಿಂದ ಒಂದೊಂದೇ ಎಳೆದಳು,
ಕಲ್ಲು ಬೇರೆ ಕಾಳು ಬೇರೆ ಮಾಡುವ ಹಾಗೆ:
ಬೇ ಗ ತೊ ಳೆ.

ಯಾರೋ ನಕ್ಕರು. ನಗು ಅರ್ಧಕ್ಕೇ ನಿಂತಿತು.
"ನಮ್ಮ ಸಾವಕಾರ್ತಿ ಮಾತು ಇದು," ಅಂದಳು,
"ದಿನಾ ಕೇಳ್ತೀನಿ. ಬರದದ್ದು ಈಗ ನೋಡಿದೆ."
ಅಂಗೈಯಲ್ಲಿ ಒಂದು ತಗಡು ಉಳಿದಿತ್ತು.
ತಿರುವಿದಳು, ಮಗುಚಿದಳು,
ಬೆಳಕಿಗೆ ಹಿಡಿದಳು; ಕಿಟಕಿಯ ಬಿಸಿಲು
ರಿ ಆಗಿ ಅವಳ ಕೆನ್ನೆಯ ಮೇಲೆ ಬಿತ್ತು.
ಇಡುತ್ತಾಳೆಂದು ಕಾದೆ. ಇಟ್ಟಿದ್ದರೆ ಐದೂ ಮುಗಿಯುತ್ತಿದ್ದವು,
ಅದೇ ಮಾತಿಗೆ ಮರ್ಯಾದೆ ಬರುತ್ತಿತ್ತು.
ಅಷ್ಟರಲ್ಲಿ ಕರೆಂಟು. ಜರಡಿ ಗಡಗಡ.
ಎಲ್ಲರೂ ಸೆರಗು ಕೊಡವಿ ಎದ್ದರು.

ಸಂಜೆ ನಲವತ್ತು ಚೀಲ. ರಿ ಇಲ್ಲ.
ಹೊಟ್ಟಿನ ಗುಡ್ಡೆ ಕೆದಕಿದೆ, ತಕ್ಕಡಿಯ ಕೆಳಗೆ ಕೈ ಹಾಕಿದೆ.
ಕೊನೆಗೆ ತೊಗ ಅಂತ ಹೊಡೆದು, ಒಂದು ಗೇಣು ಬಿಟ್ಟು,
ಬೇಳೆ ಹೊಡೆದೆ.
ಲಾರಿ ಹೋಯಿತು. ಯಾರೂ ಕೇಳಲಿಲ್ಲ.

ಮರುದಿನ ಎಂಟಕ್ಕೆ ಸೆರಗಿನ ಗಂಟು ಬಿಚ್ಚಿ
ನನ್ನ ಮುಂದೆ ಚಾಚಿದಳು. ಹದಿನೇಳು ವರ್ಷದ ಮಸಿ
ಒಂದು ಚೂರೂ ಇಲ್ಲ. ಬೂದಿ ಹಾಕಿ ತಿಕ್ಕಿದ್ದಳು;
ಡಬ್ಬಿಯ ಮೇಲಿದ್ದ ತಾಳೆಮರದ ಹಸಿರು
ನಾನೇ ಮರೆತದ್ದು, ಹಣಕುತ್ತಿತ್ತು.
ಯಾರೂ ತೊಳೆ ಅಂದಿರಲಿಲ್ಲ.
ಬೇಗ ಅಂತೂ ಅಂದಿರಲೇ ಇಲ್ಲ.
"ಏ ಭೀಮೀ" ಅನ್ನಲು ಬಾಯಿ ತೆರೆದವ
"ಕೊಡ್ರಿ" ಅಂದುಬಿಟ್ಟೆ.
ಅವಳು ನಗಲಿಲ್ಲ. ಮೊರ ಎತ್ತಿಕೊಂಡು ಕಾಳಿನ ಕಡೆ ಹೋದಳು.

ಆ ದಿನದ ಚೀಲಗಳು ಎಲ್ಲಿ ಇಳಿದವೋ ಗೊತ್ತಿಲ್ಲ.
ನೋಡಿದವರು ನೋಡಿರಬೇಕು:
ನಾಲ್ಕು ಅಕ್ಷರದ ಅಂಚು ಮಸುಕು,
ಒಂದರದು ಮಾತ್ರ ಚೂಪು.